ಎಡಗಡೆಯ ವಿಂಗಿನವಳು

ಸಾಂಗ್ಲಿಯಲ್ಲಿ ನಾಟಕದ ಹುಚ್ಚಿಲ್ಲದ ಮನೆಯೇ ಇಲ್ಲ ಅಂತ ನಮ್ಮವರು ಎದೆ ತಟ್ಟಿಕೊಂಡು ಹೇಳುತ್ತಾರೆ. ನಿಜ, ಹುಚ್ಚು ಎಲ್ಲರಿಗೂ ಇದೆ. ಮಾತು ಬಾಯಿಪಾಠ ಮಾಡುವ ಚಟ ಮಾತ್ರ ಯಾರಿಗೂ ಇಲ್ಲ. ಅದಕ್ಕೇ ನಾನು ಇಪ್ಪತ್ತೆರಡು ವರ್ಷ ರಂಗದ ಎಡಗಡೆಯ ವಿಂಗಿನ ಮರೆಯಲ್ಲಿ, ಒಂದು ಕಾಲು ಕುಂಟುವ ಸ್ಟೂಲಿನ ಮೇಲೆ ಕೂತು, ಬ್ಯಾಟರಿ ಹಿಡಿದು ಮಾತು ಹೇಳಿಕೊಡುತ್ತ ಬಂದೆ. ಹಗಲು ಕನ್ಯಾಶಾಲೆಯ ಆಫೀಸಿನಲ್ಲಿ ಗುಮಾಸ್ತೆ, ಸಂಜೆ ಕೃಷ್ಣಾತೀರ ನಾಟ್ಯಮಂಡಳದ ಪ್ರಾಂಪ್ಟರ್. ಹೆಸರು ಶೈಲಾ ಮೋಡಕ. ಈ ಹೆಸರನ್ನು ನೆನಪಿಟ್ಟುಕೊಳ್ಳಿ. ಕಥೆಯೆಲ್ಲ ಅದರದ್ದೇ.

ಮಂಡಳ ಅಂದರೆ ತಾತ್ಯಾಸಾಹೇಬ ಕಾಣಿಟಕರ. ಸ್ಥಾಪಕರು ಅವರೇ, ನಿರ್ದೇಶಕರು ಅವರೇ, ಅರವತ್ತಾರನೆಯ ವಯಸ್ಸಿನಲ್ಲೂ ನಾಯಕ ಅವರೇ. ಆಳು ನೋಡಲು ಭರ್ಜರಿ. ಬೆಳ್ಳಿ ಕೂದಲು, ಗಂಟೆಯಂಥ ದನಿ, ಸಭೆಗೆ ಬಂದರೆ ನಾಲ್ಕು ಜನ ಎದ್ದು ನಿಲ್ಲಬೇಕು ಅನ್ನಿಸುವ ನಡಿಗೆ. ತಲೆಯೊಳಗೆ ಮಾತ್ರ ಒಂದು ಸಾಲೂ ನಿಲ್ಲುತ್ತಿರಲಿಲ್ಲ. ಮಾತು ಮರೆತಾಗ ಅವರು ಗಾಬರಿಯಾಗುತ್ತಿರಲಿಲ್ಲ, ಅದೊಂದನ್ನು ಮೆಚ್ಚಬೇಕು. ಭಾರವನ್ನು ಎಡಗಾಲಿಗೆ ಹಾಕಿ, ಗಹನವಾಗಿ ಯೋಚಿಸುವವರಂತೆ ಗದ್ದ ಎತ್ತಿ, ಎಡಗಿವಿಯನ್ನು ನನ್ನ ಕಡೆ ತಿರುಗಿಸುತ್ತಿದ್ದರು. ನಾನು ಹೇಳುತ್ತಿದ್ದೆ, ಅವರು ಗುಡುಗುತ್ತಿದ್ದರು. ಪ್ರೇಕ್ಷಕರು "ಆಹಾ, ಏನು ಮೌನ, ಏನು ಮೌನ!" ಅನ್ನುತ್ತಿದ್ದರು.

ನನ್ನ ಬಾಯಿಂದ ಏನು ಬಂದರೂ ಅವರ ಬಾಯಿಂದ ಅದೇ ಬರುತ್ತಿತ್ತು. ಅರ್ಥದ ಗೊಡವೆ ಅವರಿಗಿರಲಿಲ್ಲ. ಒಮ್ಮೆ ಐತಿಹಾಸಿಕ ನಾಟಕದಲ್ಲಿ ಅವರು ಪ್ರಧಾನಿ. ಮಾತು ಹೇಳಿಕೊಡುವ ಹೊತ್ತಿಗೆ ನನ್ನ ಕಾಲಿಗೆ ಇರುವೆ ಕಚ್ಚಿತು. "ಅಯ್ಯಯ್ಯ, ಕೆಂಪಿರುವೆ" ಅಂದೆ. ತಾತ್ಯಾ ಸಿಂಹಾಸನದ ಕಡೆ ಕೈ ನೀಡಿ, ಕೊನೆಯ ಸಾಲಿನವರಿಗೂ ಕೇಳುವಂತೆ, "ಅಯ್ಯಯ್ಯ, ಕೆಂಪಿರುವೆ, ಮಹಾರಾಜ!" ಅಂದರು. ಜನ ಅದನ್ನು ಶತ್ರುಸೈನ್ಯದ ಸುದ್ದಿ ಅಂದುಕೊಂಡು ಚಪ್ಪಾಳೆ ತಟ್ಟಿದರು. ಮರುದಿನ ತಾತ್ಯಾ ನನ್ನನ್ನು ಕರೆದು, ಆ ಸಾಲು ಚೆನ್ನಾಗಿದೆ, ಪ್ರತಿ ಪ್ರಯೋಗಕ್ಕೂ ಇರಲಿ ಅಂದರು.

ಇನ್ನು ಅವರ ವಿನಯ. ಅದನ್ನು ನೋಡಿಯೇ ತಿಳಿಯಬೇಕು. ನಮ್ಮ ಕಡೆ ಮನುಷ್ಯನಿಗೆ ಅರವತ್ತು ದಾಟಿದರೆ ಸಾಕು, ಶಾಲು, ತೆಂಗಿನಕಾಯಿ, ಚೌಕಟ್ಟು ಹಾಕಿಸಿದ ಮಾನಪತ್ರ ಹಿಡಿದುಕೊಂಡು ಯಾರಾದರೂ ಸತ್ಕಾರ ಮಾಡಲು ಬಂದೇ ಬರುತ್ತಾರೆ. ಬಾರದಿದ್ದರೆ ಬರುವಂತೆ ಮಾಡಿಕೊಳ್ಳಬೇಕು. ತಾತ್ಯಾ ಈ ವಿದ್ಯೆಯಲ್ಲಿ ಪಳಗಿದವರು. ಎಲ್ಲಕ್ಕೂ ಮೊದಲು ಒಂದೇ ಮಾತು: "ನನಗ ಏನೂ ಬ್ಯಾಡ." ಆಮೇಲೆ ಒಂದು ಚಿಕ್ಕ ಬಾಲ. "ಶಾಲು ಯಾಕ್ರಿ, ಮನ್ಯಾಗಿನವೇ ಹೊದಿಯೂದಾಗವಲ್ಲದು. ಅಂದಂಗ ಯಾವ ಬಣ್ಣದ್ದು ತಂದಾರ?" "ಫೋಟೋ ಬ್ಯಾಡ ಬ್ಯಾಡ. ಆ ಕಡೆ ನಿಂತ್ರ ಬೆಳಕಿಲ್ಲ." "ನನ್ನ ಹೆಸರು ದೊಡ್ಡದಾಗಿ ಹಾಕಬ್ಯಾಡ್ರಿ, ಸರಿ ಕಾಣೂದಿಲ್ಲ. ಉಳಿದವರದ್ದು ಸಣ್ಣದು ಮಾಡ್ರಿ, ಸಾಕು."

ಮಾತು ಹೇಳಿಕೊಡುವವಳಿಗೆ ಮಾತು ಕೇಳುವುದೇ ಕಸುಬು. ನಾನು ಇವನ್ನೆಲ್ಲ ನಾಟಕದ ಪುಸ್ತಕಗಳ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಗೀಚಿಡುತ್ತಿದ್ದೆ. ಬೇಡ ಅನ್ನುವ ಮೊದಲ ವಾಕ್ಯ ಊರಿಗೆ, ಅದರ ಬಾಲಕ್ಕೆ ಸಿಕ್ಕಿಸಿದ ಎರಡನೆಯ ವಾಕ್ಯ ಹೊಟ್ಟೆಯೊಳಗಿನದು. ಹೆಚ್ಚಿನವರು ಮೊದಲನೆಯದನ್ನು ಕೇಳಿ ಕೈಮುಗಿದು ಹೋಗಿಬಿಡುತ್ತಾರೆ. ಎರಡನೆಯದು ಕಿವಿಗೆ ಬೀಳಬೇಕಾದರೆ ಕತ್ತಲಲ್ಲಿ ಸ್ಟೂಲಿನ ಮೇಲೆ ಬಹಳ ದಿನ ಕೂತಿರಬೇಕು.

ಐವತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಆ ಅಂಚುಗಳನ್ನೆಲ್ಲ ಒಟ್ಟು ಮಾಡಿ ಒಂದು ನಾಟಕ ಬರೆದೆ. ಶಾಲೆ ಬಿಟ್ಟ ಮೇಲೆ ಆಫೀಸಿನ ಟೈಪ್‌ರೈಟರಿನಲ್ಲಿ, ಮುಖ್ಯಾಧ್ಯಾಪಕಿ ಹೆಡ್‌ಬಾಯಿಯವರ ಅಪ್ಪಣೆ ಪಡೆದು, ನಾಲ್ಕು ತಿಂಗಳು ಕುಟ್ಟಿದೆ. ಹೆಸರು 'ಶಾಲು ಬೇಡ'. ನಾನಾ ಬೋಕಿಲ ಅನ್ನುವ ನಿವೃತ್ತ ಮಾಮಲೇದಾರನೊಬ್ಬ ತನಗೆ ಸತ್ಕಾರ ಬೇಡವೇ ಬೇಡ ಅನ್ನುತ್ತ ಅನ್ನುತ್ತಲೇ ಊರಿಂದ ತನ್ನ ಸತ್ಕಾರ ಮಾಡಿಸಿಕೊಳ್ಳುವ ಕಥೆ. ಪಂಗನಾಮ, ಓಡಾಟ, ಬಾಗಿಲ ಹಿಂದೆ ಅಡಗುವುದು, ಯಾವುದೂ ಅದರಲ್ಲಿಲ್ಲ. ನಾನಾ ಬಾಯಿ ಬಿಟ್ಟರೆ ಸಾಕು, ಅವನ ಹೊಟ್ಟೆ ಕಾಣಬೇಕು. ಅಷ್ಟೇ ನನ್ನ ಹಂಚಿಕೆ. ಬದುಕಿನಲ್ಲಿ ನಾನು ಮಾಡಿದ ಒಂದೇ ಒಂದು ಸ್ವಂತದ ವಸ್ತು ಅದು. ಮೊದಲ ಹಾಳೆಯ ಮೇಲೆ 'ಲೇಖಕಿ: ಶೈಲಾ ಮೋಡಕ' ಅಂತ ಟೈಪು ಮಾಡಿದ ದಿನ, ಯಾರೂ ಇಲ್ಲದ ಆಫೀಸಿನಲ್ಲಿ ಅದನ್ನು ಎರಡು ಸಲ ಗಟ್ಟಿಯಾಗಿ ಓದಿದೆ. ನಾಚಿಕೆಯೇನೂ ಆಗಲಿಲ್ಲ.

ತಾತ್ಯಾ ಸಿಟ್ಟಾಗುತ್ತಾರೆ ಅಂತ ಹೆದರಿಕೊಂಡೇ ಅವರ ಪಡಸಾಲೆಯಲ್ಲಿ ನಾಟಕ ಓದಿದೆ. ಎರಡೇ ಅಂಕ ಮುಗಿದಿತ್ತು, ಮೂರನೆಯದು ಇನ್ನೂ ಕೈಯಲ್ಲಿತ್ತು. ಓದುವಾಗ ಮಂಡಳದವರು ಮುಖ ಮುಖ ನೋಡಿಕೊಂಡರು. ನಮ್ಮ ಶ್ರೀಪಾದ ಓಗಲೆ, ಹಗಲು ಪೋಸ್ಟಿನಲ್ಲಿ ಮುದ್ರೆ ಹೊಡೆಯುವವನು, ನಗು ತಡೆಯಲಾರದೆ ಭಡಂಗದ, ಅಂದರೆ ಖಾರದ ಚುರುಮುರಿಯ, ತಟ್ಟೆಯೊಳಗೆ ಮುಖ ಹುದುಗಿಸಿ ಕೆಮ್ಮಿದ. ಓದು ಮುಗಿದಾಗ ತಾತ್ಯಾನ ಕಣ್ಣು ತುಂಬಿತ್ತು.

"ಶೈಲಾ," ಅಂದರು, "ಎಂಥಾ ಮನಶ್ಯಾನ್ನ ಬರದೀಯವಾ. ಸುತ್ತ ಎಲ್ಲಾ ಮೂರ್ಖರು, ನಡುವ ನಾನಾ ಒಬ್ಬ ದೇವರು. ಇಂಥವರು ಈಗ ಎಲ್ಲಿ ಸಿಗತಾರ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಷ್ಟು ಅಳುಕು ಕಳ್ಳನಿಗಾದರೂ ಇರುತ್ತದೆ. ಇವರಿಗೆ ಅದೂ ಇರಲಿಲ್ಲ. ತನ್ನ ಮಾತನ್ನೇ ಕೇಳಿ, ಎರಡನೆಯ ವಾಕ್ಯವನ್ನು ತಾನೂ ಕೇಳದೆ, ಮೊದಲನೆಯದಕ್ಕೆ ತಾನೇ ಕೈಮುಗಿದು ಅತ್ತಿದ್ದರು. ನನಗೆ ನಗು ಬರಬೇಕಿತ್ತು. ಬದಲಿಗೆ ಮರುಕ ಬಂತು. ಆ ಮರುಕ ಹದಿನೈದು ದಿನ ಬಾಳಿತು.

ಮಿರಜಿನ ವಾಚನಾಲಯವೊಂದು ಪ್ರತಿವರ್ಷ ವಿನೋದಿ ನಾಟಕಗಳ ಸ್ಪರ್ಧೆ ಇಡುತ್ತಿತ್ತು. ಅರ್ಜಿಯ ಜೊತೆಗೆ ಟೈಪು ಮಾಡಿದ ಪೂರ್ತಿ ನಾಟಕ ಕೊಡಬೇಕು. ನಾಟಕ ಮುಗಿದ ಕೂಡಲೇ ಪರೀಕ್ಷಕರು ರಂಗದ ಮೇಲೆ ಕುರ್ಚಿ ಹಾಕಿಕೊಂಡು ಕೂತು, ಜನರೆದುರಿಗೇ ತಂಡದವರನ್ನು ಪ್ರಶ್ನೆ ಕೇಳುತ್ತಾರೆ. ನಾನು ಮೂರನೆಯ ಅಂಕ ಮುಗಿಸಿ, ನಾಟಕದ ಫೈಲು ತಾತ್ಯಾನ ಕೈಗಿಟ್ಟೆ. ಅರ್ಜಿಗೆ ಸಹಿ ಹಾಕುವವರು ಅವರು. ಫೈಲು ಮಿರಜಿಗೆ ಹೋಯಿತು. ವಾರದ ನಂತರ ಛಾಪಖಾನೆಯಿಂದ ಜಾಹೀರಾತಿನ ಕರಡು ಬಂತು. ತಪ್ಪು ತಿದ್ದುವ ಕೆಲಸ ಯಾವತ್ತೂ ನನ್ನದೇ.

'ಲೇಖಕ, ನಿರ್ದೇಶಕ, ನಾಯಕ: ತಾತ್ಯಾಸಾಹೇಬ ಕಾಣಿಟಕರ.' ತೀರ ಕೆಳಗೆ, ಛಾಪಖಾನೆಯ ವಿಳಾಸಕ್ಕಿಂತ ಒಂದು ಗೆರೆ ಮೇಲೆ, 'ಪ್ರಾಂಪ್ಟಿಂಗ್: ಶೈ. ಮೋಡಕ.'

ಕರಡು ಹಿಡಿದುಕೊಂಡೇ ಅವರ ಮನೆಗೆ ಹೋದೆ. ಜೋಕಾಲಿಯ ಮೇಲೆ ಕೂತು ಶುಂಠಿ ಹಾಕಿದ ಚಹಾ ಕುಡಿಯುತ್ತಿದ್ದರು. ನನ್ನ ಕೈಯೊಳಗಿನ ಕಾಗದ ನೋಡಿದರೂ ಜೋಕಾಲಿ ನಿಲ್ಲಲಿಲ್ಲ.

"ಇದೇನ್ರಿ ತಾತ್ಯಾ?"

"ಹೆಸರಿನ್ಯಾಗ ಏನದವಾ," ಅಂದರು. "ನನಗಂತೂ ಬ್ಯಾಡ. ಹೆಸರು ಅಂದ್ರ ಬ್ಯಾಸರ ಬಂದುಬಿಟ್ಟದ."

"ಬ್ಯಾಡಾದ್ರ ತಗೀರಿ."

"ತಗೀತಿದ್ದೆ. ಛಾಪಖಾನ್ಯಾಗ ಬ್ಲಾಕ್ ಆಗಿಬಿಟ್ಟದ." ಒಂದು ಗುಟುಕು ಚಹಾ ಕುಡಿದರು. "ಮತ್ತ ನೋಡು, ಪರೀಕ್ಷಕರು ನಿನ್ನ ಹೆಸರು ಎಲ್ಲಿ ಕೇಳ್ಯಾರ? ಹೊಸಾ ಹೆಸರು ಕಂಡ್ರ ಫೈಲು ತಗದ ನೋಡೂದಿಲ್ಲ. ನಿನ್ನ ನಾಟಕಾ ಉಳೀಲಿ ಅಂತ ನನ್ನ ಹೆಸರು ಹಚ್ಚೀನಿ. ತ್ಯಾಗ ಅಂತಾರ ಇದಕ್ಕ."

"ಫೈಲಿನ್ಯಾಗೂ ಬದಲ ಮಾಡೀರೇನು?"

"ಮದಲನೇ ಹಾಳಿ ಒಂದೇ. ಉಳದದ್ದರ ಗೊಡವಿ ನನಗ ಯಾಕ ಬೇಕು?"

ಕೊನೆಯ ಮಾತು ಮಾತ್ರ ಪೂರಾ ನಿಜ. ಉಳಿದದ್ದನ್ನು ಅವರು ಓದಿಯೇ ಇರಲಿಲ್ಲ, ಎಂದೂ ಓದುವವರಲ್ಲ. ನಮ್ಮ ಮಂಡಳದ ಹಳೆಯ ಪದ್ಧತಿ ಏನೆಂದರೆ ಪ್ರತಿಯೊಬ್ಬ ನಟನಿಗೂ ಅವನವನ ಮಾತಷ್ಟನ್ನೇ ಬರೆದು ಕೊಡುವುದು. ಅದಕ್ಕೆ ನಕಲು ಅಂತ ಹೆಸರು. ನಕಲು ಬರೆಯುವವಳೂ ನಾನೇ. ಇಡೀ ನಾಟಕ ಇರುವುದು ಪ್ರಾಂಪ್ಟರನ ಪುಸ್ತಕದಲ್ಲಿ ಮಾತ್ರ. ತಾತ್ಯಾ ಮೂವತ್ತು ವರ್ಷದಿಂದ ನಾಟಕ ನಿರ್ದೇಶಿಸಿದ್ದು ತನ್ನ ನಕಲನ್ನು ನೋಡಿಕೊಂಡೇ. ಉಳಿದವರು ತನ್ನ ಮಾತು ಮುಗಿಯುವವರೆಗೆ ಸುಮ್ಮನಿರಬೇಕು, ಅದೇ ಅವರ ನಿರ್ದೇಶನ.

ನಾಟಕ ವಾಪಸು ತೆಗೆದುಕೊಳ್ಳುತ್ತೇನೆ ಅನ್ನಬಹುದಿತ್ತು. ಮನೆಗೆ ಹೋಗುವ ದಾರಿಯುದ್ದಕ್ಕೂ ಅದನ್ನೇ ಅಂದುಕೊಂಡೆ. ಆದರೆ ತೆಗೆದುಕೊಂಡು ಹೋಗಿ ಯಾರಿಗೆ ಕೊಡಲಿ? ಊರಿನಲ್ಲಿರುವ ಉಳಿದ ಎರಡು ಮಂಡಳಗಳಲ್ಲೂ ಇಂಥದೇ ಒಬ್ಬೊಬ್ಬ ತಾತ್ಯಾ ಇದ್ದರು. ನನ್ನ ಮಾತುಗಳು ರಂಗದ ಮೇಲೆ ಕೇಳಬೇಕು ಅನ್ನುವ ಆಸೆ ನನಗೆ ಎಷ್ಟಿತ್ತೆಂದರೆ, ಹೇಳಿಕೊಳ್ಳಲು ಸಂಕೋಚವಾಗುತ್ತದೆ. ಇಪ್ಪತ್ತೆರಡು ವರ್ಷ ಬೇರೆಯವರ ಮಾತು ಪಿಸುಗುಟ್ಟಿದ ಗಂಟಲು ನನ್ನದು. ಅಂದು ರಾತ್ರಿ ಊಟ ಸೇರಲಿಲ್ಲ. ಮರುದಿನ ನಕಲು ಬರೆಯಲು ಕೂತಾಗ, ಮೂರನೆಯ ಅಂಕಕ್ಕೆ ಬಂದು ನನ್ನ ಪೆನ್ನು ನಿಂತಿತು.

ಅಲ್ಲಿ ನಡೆಯುವುದು ಇಷ್ಟು. ನಾನಾ ತನ್ನ ಮಾನಪತ್ರವನ್ನು ತಾನೇ ಬರೆದು, ಚಿಟಣೀಸ ಮಾಸ್ತರರ ಹೆಸರಿನಲ್ಲಿ ಓದಿಸುತ್ತಾನೆ. ಈ ಗುಟ್ಟು ಊರಿಗೆ ತಿಳಿಯದು. ಸಭೆಯಲ್ಲಿ ನಾನಾ ತಲೆ ತಗ್ಗಿಸಿ, ಹೊಗಳಿಕೆ ಕಿವಿಗೆ ಬಿದ್ದು ನೋವಾಗುತ್ತಿದೆ ಅನ್ನುವವನಂತೆ ಕೂತಿದ್ದಾನೆ. ಮಾಸ್ತರರು ಓದುತ್ತ ಓದುತ್ತ ತಡೆಯುತ್ತಾರೆ, ಅಕ್ಷರ ಕಾಣದೆ ಕನ್ನಡಕ ಒರೆಸುತ್ತಾರೆ. ಆಗ ನಾನಾ ತಗ್ಗಿಸಿದ ತಲೆ ಎತ್ತದೆ ಮುಂದಿನ ಸಾಲನ್ನು ತಾನೇ ಹೇಳಿಕೊಟ್ಟುಬಿಡುತ್ತಾನೆ. ಬೇರೆ ಯಾರೂ ಅವನ ಗುಟ್ಟು ಒಡೆಯಬೇಕಿಲ್ಲ. ಇಡೀ ನಾಟಕ ನಿಂತಿರುವುದೇ ಆ ಒಂದು ಮಾತಿನ ಮೇಲೆ.

ಆ ಒಂದು ಮಾತನ್ನು ತಾತ್ಯಾನ ನಕಲಿನಲ್ಲಿ ನಾನು ಬರೆಯಲಿಲ್ಲ.

ಶ್ರೀಪಾದನಿಗೆ ಚಿಟಣೀಸ ಮಾಸ್ತರರ ಪಾತ್ರ. ಅವನ ನಕಲಿನಲ್ಲಿ 'ಇಲ್ಲಿ ತಡೆದು ಕನ್ನಡಕ ಒರೆಸಬೇಕು' ಅಂತ ಸರಿಯಾಗಿಯೇ ಬರೆದೆ. ಪೋಸ್ಟಿಗೆ ಹೋಗಿ, ಕಿಟಕಿಯ ಈ ಕಡೆ ನಿಂತು, ತಾಲೀಮಿನಲ್ಲಿ ತಡೆಯದೆ ಓದು, ಪ್ರಯೋಗದ ದಿನ ಮಾತ್ರ ತಡೆ ಅಂದೆ. ಅವನು ಸ್ಟಾಂಪಿನ ಹಾಳೆ ಹರಿಯುವುದನ್ನು ಬಿಟ್ಟು ನನ್ನ ಮುಖ ನೋಡಿದ.

"ಮತ್ತ ತಾತ್ಯಾ ಏನೂ ಅನಲಿಲ್ಲಂದ್ರ, ಶೈಲಾತಾಯಿ?"

"ಅಂತಾರ."

"ಬರದ ಕೊಟ್ಟದ್ದು ಅವರ ತಲಿಯೊಳಗ ನಿಲ್ಲೂದಿಲ್ಲ. ಬರೀದೇ ಇದ್ದದ್ದು ಹೆಂಗ ಅಂತಾರ?"

"ಅದು ಬರದ ಕೊಡೋ ಮಾತಲ್ಲೋ. ಅವರ ಹೊಟ್ಯಾಗಿಂದು."

ಧೈರ್ಯವಾಗಿ ಹೇಳಿದೆನೇ ಹೊರತು ನನಗೇನು ಖಾತ್ರಿಯಿತ್ತೇ? ತಾತ್ಯಾ ಸುಮ್ಮನಿದ್ದುಬಿಟ್ಟರೆ ನಾಟಕದ ನಡು ಮುರಿದಂತೆ. ಅದು ಅವರ ನಾಟಕವಲ್ಲ, ನನ್ನ ನಾಟಕ. ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡಲು ಹೊರಟವಳಂತಾಗಿತ್ತು ನನ್ನ ಸ್ಥಿತಿ.

ತಾಲೀಮು ಶುರುವಾಯಿತು. ಬೇರೆಯವರ ಮಾತಿಗೆ ಗಡಿಯಾರ ನೋಡುತ್ತಿದ್ದ ತಾತ್ಯಾ, ಮಾನಪತ್ರವನ್ನು ಮಾತ್ರ ದಿನಕ್ಕೆ ಎರಡು ಸಲ ಓದಿಸುತ್ತಿದ್ದರು. "ಸಾವಕಾಶ ಓದಪಾ, ಗಾಡಿ ತಪ್ಪತದೇನು?" ಅನ್ನುತ್ತಿದ್ದರು. ಒಂದು ಶಬ್ದ ನುಂಗಿದರೂ ಮೊದಲಿನಿಂದ ಶುರು ಮಾಡಿಸುತ್ತಿದ್ದರು. ನಾನು ಆ ಹೊಗಳಿಕೆಯನ್ನು ಬೇಕೆಂದೇ ಹಳಸಲು ಮಾತುಗಳಿಂದ ಕಟ್ಟಿದ್ದೆ: ಪ್ರಸಿದ್ಧಿಪರಾಙ್ಮುಖ, ದೀನಬಂಧು, ನಿಷ್ಕಾಮ ಕರ್ಮಯೋಗಿ. ಅದನ್ನು ಕೇಳುವಾಗ ಅವರ ಮುಖ ಬಿಸಿಲಿಗೆ ಇಟ್ಟ ಬೆಣ್ಣೆಯಂತಾಗುತ್ತಿತ್ತು. ಎಂಟನೆಯ ದಿನ ನಾನು ಪುಸ್ತಕದಿಂದ ತಲೆ ಎತ್ತಿ ನೋಡಿದರೆ, ಕಣ್ಣು ಮುಚ್ಚಿ ಕೂತಿದ್ದ ತಾತ್ಯಾನ ತುಟಿ ಶ್ರೀಪಾದನ ಮಾತಿನ ಜೊತೆಜೊತೆಗೇ ಅಲ್ಲಾಡುತ್ತಿತ್ತು. ತನ್ನ ಮಾತು ಹತ್ತು ಸಾಲು ನೆನಪಿಲ್ಲದ ಮನುಷ್ಯನಿಗೆ ತನ್ನ ಹೊಗಳಿಕೆ ಎರಡು ಪುಟ ಬಾಯಿಪಾಠವಾಗಿತ್ತು. ಅಂದು ಮನೆಗೆ ಹೋಗಿ ಚೆನ್ನಾಗಿ ಊಟ ಮಾಡಿದೆ.

ಪ್ರಯೋಗ ಮಿರಜಿನ ನಾಟ್ಯಗೃಹದಲ್ಲಿ, ಒಂದು ಭಾನುವಾರ ಸಂಜೆ ಆರಕ್ಕೆ. ನಟರಾಜನ ಪೂಜೆ ಆಯಿತು, ತಾತ್ಯಾ ತೆಂಗಿನಕಾಯಿ ಒಡೆದರು, ಎಲ್ಲರೂ ಅವರ ಕಾಲು ಮುಟ್ಟಿದರು. ನಾನೂ ಮುಟ್ಟಿದೆ. ಮೂರನೆಯ ಗಂಟೆ ಬಾರಿಸಿ, ದೀಪ ಆರಿ, ಘೋಷಣೆ ಶುರುವಾಯಿತು. ನಮ್ಮಲ್ಲಿ ಈ ಘೋಷಣೆಯ ಹೊತ್ತಿಗೆ ಕೆಮ್ಮು ಬಂದವರೂ ಕೆಮ್ಮುವುದಿಲ್ಲ. 'ಲೇಖಕ, ತಾತ್ಯಾಸಾಹೇಬ ಕಾಣಿಟಕರ' ಅನ್ನುವುದನ್ನು ಕತ್ತಲಲ್ಲಿ ಕೂತು ಕೇಳಿದೆ. ಗೊತ್ತಿದ್ದದ್ದೇ. ಆದರೂ ಎದೆಗೆ ಬೆಂಕಿಕಡ್ಡಿ ಗೀರಿದಂತಾಯಿತು. ನನ್ನ ಕೂಸನ್ನು ನನ್ನೆದುರಿಗೇ ಇನ್ನೊಬ್ಬರ ತೊಟ್ಟಿಲಿಗೆ ಹಾಕಿ ಹೆಸರಿಟ್ಟ ಹಾಗೆ. ಬ್ಯಾಟರಿ ಹಚ್ಚಿ, ಪುಸ್ತಕದ ಮೊದಲ ಸಾಲಿಗೆ ಬೆರಳಿಟ್ಟೆ.

ಪರದೆ ಸರಿದ ಹತ್ತನೆಯ ನಿಮಿಷಕ್ಕೆ ಜನ ನಗಲು ಶುರು ಮಾಡಿದರು. ತಾತ್ಯಾ ನಾನಾನನ್ನು ದೇವರೆಂದೇ ನಂಬಿ ಆಡುತ್ತಿದ್ದರಲ್ಲ, ಆ ನಂಬಿಕೆಯೇ ಜನರನ್ನು ಕೊಂದಿತು. ಕಳ್ಳನೆಂದು ತಿಳಿದು ಆಡುವ ನಟ ಕಣ್ಣು ಹೊಡೆಯುತ್ತಾನೆ, ಹುಬ್ಬು ಹಾರಿಸುತ್ತಾನೆ. ಇವರು ಕಣ್ಣಲ್ಲಿ ನೀರು ತಂದುಕೊಂಡು "ಶಾಲು ಬ್ಯಾಡ್ರೆಪಾ" ಅಂದು, ಅದೇ ಉಸಿರಿನಲ್ಲಿ ಬಣ್ಣ ಕೇಳುತ್ತಿದ್ದರು. ಜನ ಬಿದ್ದು ಬಿದ್ದು ನಕ್ಕರು. ನಗು ಬಂದಾಗಲೆಲ್ಲ ತಾತ್ಯಾ ಎದುರಿನ ಪಾತ್ರವನ್ನು ಕನಿಕರದಿಂದ ನೋಡುತ್ತಿದ್ದರು, ಪಾಪ ಇವನನ್ನು ನೋಡಿ ನಗುತ್ತಿದ್ದಾರೆ ಅಂತ. ನಾನು ಅವತ್ತಷ್ಟು ಮಾತು ಹೇಳಿಕೊಟ್ಟದ್ದು ಬೇರೆ ಯಾವ ದಿನವೂ ಇಲ್ಲ. ನನ್ನ ಮಾತು, ನನ್ನ ಬಾಯಿಂದ, ಅವರ ಗಂಟಲಿಗೆ. ಸಾವಿರ ಜನ ನಗುತ್ತಿದ್ದರು, ಕತ್ತಲಲ್ಲಿ ನಾನು ಒಬ್ಬಳೇ ಅಳುತ್ತಿದ್ದೆ. ಸಿಟ್ಟಿನಿಂದಲೋ ಸಂತೋಷದಿಂದಲೋ ನನಗೇ ತಿಳಿಯಲಿಲ್ಲ.

ಮೂರನೆಯ ಅಂಕ. ಸತ್ಕಾರದ ಕುರ್ಚಿ, ಕೊರಳಲ್ಲಿ ಹಾರ, ಮಡಿಲಲ್ಲಿ ತೆಂಗಿನಕಾಯಿ. ತಾತ್ಯಾ ತಲೆ ತಗ್ಗಿಸಿ ಕೂತರು. ಶ್ರೀಪಾದ ಮಾನಪತ್ರ ಬಿಚ್ಚಿದ. "ಪ್ರಸಿದ್ಧಿಪರಾಙ್ಮುಖರೂ ದೀನಬಂಧುಗಳೂ ಆದ ತಾವು, ಬದುಕಿನುದ್ದಕ್ಕೂ ಏನನ್ನೂ ಬಯಸದ..." ಅಂದು ತಡೆದ. ಕನ್ನಡಕ ತೆಗೆದ. ಧೋತರದ ಚುಂಗಿನಿಂದ ಒರೆಸತೊಡಗಿದ.

ನಾನು ಪುಸ್ತಕ ಮುಚ್ಚಿ ಬ್ಯಾಟರಿ ಆರಿಸಿದೆ.

ತಾತ್ಯಾ ಕಾದರು. ಅವರ ಮುಖದಲ್ಲಿ ಮೊದಲು ಆಶ್ಚರ್ಯ, ಆಮೇಲೆ ಸಂಕಟ ಕಂಡಿತು. ಕಿವಿ ಎಡಕ್ಕೆ ತಿರುಗಿತು. ಶ್ರೀಪಾದನಿಗೆ ನಾನು ಹೇಳಿಕೊಡಲಿ ಅಂತ ಇರಬೇಕು. ನಾನು ಹೇಳಿಕೊಡಲಿಲ್ಲ. ಪ್ರೇಕ್ಷಕರಲ್ಲಿ ಯಾರೋ ಕುರ್ಚಿ ಸರಿಸಿದ ಸಪ್ಪಳ ಕೇಳಿಸಿತು. ಹೋಯಿತು, ನನ್ನ ಕೈಯಾರೆ ನನ್ನ ನಾಟಕದ ಕತ್ತು ಹಿಚುಕಿದೆ ಅಂದುಕೊಂಡೆ.

"ನಿಷ್ಕಾಮ ಕರ್ಮಯೋಗಿ," ಅಂದರು ತಾತ್ಯಾ, ತಲೆ ಎತ್ತದೆ.

"ಆಂ?" ಅಂದ ಶ್ರೀಪಾದ. ಅದು ಅವನ ನಕಲಿನಲ್ಲಿತ್ತು.

"ಮುಂದ ನಿಷ್ಕಾಮ ಕರ್ಮಯೋಗಿ ಅಂತ ಅದ. ಓದೋ!"

ನಾಟ್ಯಗೃಹ ಬಿದ್ದೇಹೋಯಿತು ಅಂದುಕೊಳ್ಳಿ. ಹೆಂಗಸರ ಸಾಲಿನಲ್ಲಿ ಯಾರಿಗೋ ಬಿಕ್ಕಳಿಕೆ ಹತ್ತಿತು. ನಗು ನಿಲ್ಲುವವರೆಗೆ ಶ್ರೀಪಾದ ಕನ್ನಡಕವನ್ನು ಮೂರು ಸಲ ಒರೆಸಿದ. ತಾತ್ಯಾ ಕಣ್ಣು ಪಿಳಿಪಿಳಿ ಮಾಡಿದರು. ಅವರಿಗೆ ಇಷ್ಟು ತಿಳಿಯಿತು: ತಾನು ಏನೋ ದೊಡ್ಡದನ್ನು ಮಾಡಿದ್ದೇನೆ.

ನಾಟಕ ಮುಗಿದ ಮೇಲೆ ಪರೀಕ್ಷಕಿ ರಂಗಕ್ಕೆ ಬಂದರು. ಕೊಲ್ಹಾಪುರದ ಮಂದಾಕಿನಿ ಪಾಧ್ಯೆ, ನಿವೃತ್ತ ಪ್ರೊಫೆಸರು, ಕಡ್ಡಿಯಂಥ ಹೆಂಗಸು. ಮಡಿಲಲ್ಲಿ ನನ್ನ ಫೈಲು. ತಾತ್ಯಾ ಎದುರು ನಿಂತರು, ಹಾರ ಇನ್ನೂ ಕೊರಳಲ್ಲೇ ಇತ್ತು. ನಾನು ಸ್ಟೂಲು ಬಿಟ್ಟು ಏಳಲಿಲ್ಲ. ಜನರೂ ಎದ್ದಿರಲಿಲ್ಲ.

ಪಾಧ್ಯೆಬಾಯಿ ಮೊದಲು ಬಾಯಿ ತುಂಬ ಹೊಗಳಿದರು. ಇಂಥ ಸಂಭಾಷಣೆ ಬರೆಯುವವರು ಅಪರೂಪ, ಪಾತ್ರ ತನ್ನ ಬಾಯಿಂದಲೇ ಸಿಕ್ಕಿಬೀಳುತ್ತದೆ ಅಂದರು. ಆಮೇಲೆ, ನಾನಾ 'ಫೋಟೋ ಬೇಡ, ಆ ಕಡೆ ಬೆಳಕಿಲ್ಲ' ಅನ್ನುತ್ತಾನಲ್ಲ, ಅದನ್ನು ಬರೆಯುವಾಗ ನಿಮ್ಮ ಮನಸ್ಸಿನಲ್ಲಿ ಏನಿತ್ತು ಅಂತ ಕೇಳಿದರು. ತಾತ್ಯಾ ಗಂಭೀರವಾಗಿ, ಪಾಪ, ಫೋಟೋ ತೆಗೆಯುವವನಿಗೆ ತ್ರಾಸವಾಗಬಾರದು ಅಂತ ನಾನಾನ ಕಾಳಜಿ ಅಂದರು. ಜನ ನಕ್ಕರು. ಪಾಧ್ಯೆಬಾಯಿ ನಗಲಿಲ್ಲ. ಕನ್ನಡಕದ ಮೇಲಿಂದ ಅವರನ್ನು ದಿಟ್ಟಿಸಿದರು.

"ಶಾಲಿನ ಬಣ್ಣ ಯಾಕ ಕೇಳತಾನ?"

"ತಂದವರ ಮನಸ್ಸು ನೋಯಬಾರದಲ್ರಿ."

"ಮತ್ತ ಮಾನಪತ್ರದ ಮಾತು? ನಿಷ್ಕಾಮ ಕರ್ಮಯೋಗಿ?"

ತಾತ್ಯಾ ಕೈ ಮೇಲೆತ್ತಿದರು. "ಅದು ನಾಟಕದಾಗ ಇಲ್ಲೇ ಇಲ್ರಿ. ಆ ಕ್ಷಣಕ್ಕ ನನಗ ಹೊಳೀತು. ನನ್ನ ಸ್ವಂತ ಅಡಿಷನ್ನು. ಹೊಗಳಬ್ಯಾಡ್ರಿ, ನನಗ ಏನೂ ಬ್ಯಾಡ. ಬರಕೋಳೋದಾದ್ರ ಬರಕೋರಿ."

ಪಾಧ್ಯೆಬಾಯಿ ಫೈಲು ತೆರೆದು ಹಾಳೆ ಮಗುಚಿದರು. "ಐವತ್ತೆರಡನೇ ಪುಟ," ಅಂದರು. "'ಮಾಸ್ತರರು ತಡೆಯುತ್ತಾರೆ. ನಾನಾ ತಲೆ ಎತ್ತದೆ: ನಿಷ್ಕಾಮ ಕರ್ಮಯೋಗಿ. ಮಾಸ್ತರರು: ಆಂ? ನಾನಾ: ಮುಂದ ನಿಷ್ಕಾಮ ಕರ್ಮಯೋಗಿ ಅಂತ ಅದ. ಓದ್ರಿ.' ನೀವು ಓದೋ ಅಂದ್ರಿ. ಅಷ್ಟ ಫರಕು."

ಪಾಧ್ಯೆಬಾಯಿ ಮೊದಲನೆಯ ಹಾಳೆಗೆ ಬಂದು, ಅದನ್ನು ಎರಡನೆಯ ಹಾಳೆಯ ಪಕ್ಕದಲ್ಲಿ ಹಿಡಿದು ನೋಡಿದರು. ಇವೆರಡೂ ಒಂದೇ ಮಷಿನ್ನಿನಲ್ಲಿ ಟೈಪಾಗಿಲ್ಲ ಅಂದರು, ತಮಗೆ ತಾವೇ ಹೇಳಿಕೊಳ್ಳುವವರಂತೆ. ಆಮೇಲೆ ಫೈಲು ಮುಚ್ಚಿದರು.

"ಕಾಣಿಟಕರ, ಈ ನಾಟಕಾ ಬರದವರು ಯಾರು?"

ತಾತ್ಯಾ ಇಪ್ಪತ್ತೆರಡು ವರ್ಷದಿಂದ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಭಾರವನ್ನು ಎಡಗಾಲಿಗೆ ಹಾಕಿದರು, ಗಹನವಾಗಿ ಯೋಚಿಸುವವರಂತೆ ಗದ್ದ ಎತ್ತಿದರು, ಎಡಗಿವಿಯನ್ನು ನನ್ನ ಕಡೆ ತಿರುಗಿಸಿದರು.

ಪುಸ್ತಕ ತೆರೆಯಬೇಕಾಗಿರಲಿಲ್ಲ. ಯಾವ ದನಿಯಲ್ಲಿ ಹೇಳಿದರೆ ಅವರ ಕಿವಿಯವರೆಗೆ ಮಾತ್ರ ಮುಟ್ಟುತ್ತದೆ ಅಂತ ನನಗೆ ಗೊತ್ತು.

"ಇದನ್ನು ಬರೆದವರು ಶೈಲಾ ಮೋಡಕ," ಅಂದೆ.

"ಇದನ್ನು ಬರೆದವರು," ಅಂದರು ತಾತ್ಯಾ, ಎದೆಯುಬ್ಬಿಸಿ, ಬಲಗೈ ಮುಂದೆ ನೀಡಿ, ಕೊನೆಯ ಸಾಲಿನವರಿಗೂ ಕೇಳುವಂತೆ, "ಶೈಲಾ ಮೋಡಕ!"

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಶ್ರೀಪಾದ ನನ್ನನ್ನು ಕರೆಯಲು ವಿಂಗಿನ ಕಡೆ ಓಡಿ ಬರುತ್ತಿದ್ದ. ತಾತ್ಯಾ ಮಾತ್ರ ಚಪ್ಪಾಳೆ ಕೇಳಿದ ಕೂಡಲೇ, ಅಭ್ಯಾಸ ನೋಡಿ, ಮೂರು ದಿಕ್ಕಿಗೂ ಬಗ್ಗಿ ಬಗ್ಗಿ ಕೈಮುಗಿದರು.